ಏಳನೇ ನಂಬರಿನ ಗೋರಿ

ಜನವರಿ ಹದಿಮೂರರ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಅಬುಧಾಬಿ ಕಡೆಯ ಮರುಭೂಮಿಯ ಊರಾದ ಮದೀನತ್ ಜಾಯೆದ್‌ನ ಪೊಲೀಸ್ ಠಾಣೆಗೆ ದೂರು ಬಂತು. ಊರಾಚೆಯ ಕಲ್ಲುದಿಬ್ಬದ ಮೇಲಿದ್ದ ಹಳೆಯ ಗೋರಿಯೊಂದನ್ನು ಯಾರೋ ಅಗೆದು ಹಾಳು ಮಾಡಿದ್ದಾರೆ ಎಂಬುದು ದೂರು.

ದೂರು ತಂದವರು ಇಬ್ಬರು. ಒಬ್ಬಳು ಪುರಾತತ್ವ ಇಲಾಖೆಯ ಡಾಕ್ಟರ್ ರಸೀನಾ. ಉಳ್ಳಾಲದವಳು, ದಿಬ್ಬದ ಗೋರಿಗಳ ಉಸ್ತುವಾರಿ ಅವಳದೇ. ಇನ್ನೊಬ್ಬರು ಪೃಥ್ವಿರಾಜ್. ದುಬೈಯ ಕಂಪನಿಯೊಂದರಲ್ಲಿ ಮ್ಯಾನೇಜರ್, ಕಾರ್ಕಳ ಕಡೆಯ ಜಮೀನ್ದಾರಿ ಗುತ್ತಿನ ಮನೆಯವರು. ಇಲಾಖೆಯಲ್ಲಿ ಜನ ಕಡಿಮೆ, ಮರಳಿನಲ್ಲಿ ಚೆದುರಿದ ಜಾಗಗಳು ಬಹಳ. ಹಾಗಾಗಿ ಸ್ವಯಂಸೇವಕರ ತಂಡಗಳು ತಿಂಗಳಿಗೊಮ್ಮೆ ಹೋಗಿ, ಗೊತ್ತು ಮಾಡಿದ ಜಾಗದಲ್ಲಿ ನಿಂತು ಫೋಟೋ ತೆಗೆದು ಇಲಾಖೆಗೆ ಕಳುಹಿಸುವ ವ್ಯವಸ್ಥೆ ಇತ್ತು. ಈ ದಿಬ್ಬ ಪೃಥ್ವಿರಾಜರ ತಂಡದ ಪಾಲಿಗೆ ಬಂದಿತ್ತು.

ಠಾಣೆಯ ದುಭಾಷಿ ಲೂರ್ದ್‌ಗೆ ಪೃಥ್ವಿರಾಜರ ಪರಿಚಯ ಹಳೆಯದು. ಯುಎಇಯಲ್ಲಿ ಕರಾವಳಿಯವರ ಯಾವ ಕಾರ್ಯಕ್ರಮವಾದರೂ ವೇದಿಕೆಯ ಮೊದಲ ಕುರ್ಚಿ ಅವರದು. ಲೂರ್ದ್ ಶಿರ್ವದವಳು. ಇದೇ ಊರಿನ ಆಸ್ಪತ್ರೆಯ ಕೌಂಟರಿನಲ್ಲಿ ಕುಳಿತು ಅರಬ್ಬಿ ಕಲಿತು, ಆಮೇಲೆ ಪೊಲೀಸರಿಗೆ ಬೇಕಾದವಳಾದಳು. ಕೊಂಕಣಿ, ತುಳು, ಕನ್ನಡ, ಹಿಂದಿ ಯಾವುದು ಬಂದರೂ ಅವಳೇ.

"ನಮ್ಮ ಹೊಟ್ಟೆ ಉರಿಯುತ್ತದೆ ಲೂರ್ದ್ ಬಾಯಿ," ಎಂದರು ಪೃಥ್ವಿರಾಜ್. "ಬೆಳಿಗ್ಗೆ ಎಂಟಕ್ಕೆ ತಂಡದ ಜೊತೆ ಹೋದೆ. ಹೋಗಿ ನೋಡಿದರೆ ಹೀಗೆ. ಪೇಪರಿನವರಿಗೂ ಹೇಳಿದ್ದೇನೆ."

"ಪೊಲೀಸರಿಗೆ ಹೇಳುವ ಮೊದಲಾ?" ಎಂದು ಕೇಳಿದವರು ಠಾಣೆಯ ಅಧಿಕಾರಿ ಕ್ಯಾಪ್ಟನ್ ಹುಮೈದ್. ಲೂರ್ದ್ ಅದನ್ನು ಕನ್ನಡಕ್ಕೆ ತಿರುಗಿಸಿದಳು.

ಪೃಥ್ವಿರಾಜ್ ನಕ್ಕರು.

ಕ್ಯಾಪ್ಟನ್ ದೂರು ದಾಖಲಿಸಿಕೊಂಡು, ಕಾನ್‌ಸ್ಟೇಬಲ್ ಖಲ್ಫಾನ್‌ನನ್ನು ಕರೆದು, "ಯಲ್ಲಾ, ನಡೆಯಿರಿ," ಎಂದು ಜೀಪಿನ ಕೀಲಿ ಎಸೆದರು. ಲೂರ್ದ್ ಹಿಂದಿನ ಸೀಟಿನಲ್ಲಿ ರಸೀನಾ ಜೊತೆ ಕುಳಿತಳು.

ದಿಬ್ಬದ ಮೇಲೆ ಕಲ್ಲುಗಳನ್ನು ಉಂಗುರದಂತೆ ಜೋಡಿಸಿದ ಗೋರಿಗಳು ಅಲ್ಲಲ್ಲಿ ಇದ್ದವು. ಪ್ರತಿಯೊಂದರ ಪಕ್ಕ ನಂಬರ್ ಬರೆದ ಸಣ್ಣ ಗೂಟ. ಏಳನೆಯದರ ಉಂಗುರ ಒಡೆದುಹೋಗಿತ್ತು. ಕಲ್ಲುಗಳನ್ನು ಎತ್ತಿ ಎಲ್ಲೆಂದರಲ್ಲಿ ಎಸೆದಿದ್ದರು. ನಡುವಿನ ಗುಂಡಿಯಲ್ಲಿ ಒಂಟೆ ಮೇವಿನ ಗೋಣಿ, ಅದರೊಳಗೆ ತುರುಕಿದ ಮೂಳೆಗಳು. ಬುರುಡೆ ನಡುವಿನಿಂದ ಸೀಳಿತ್ತು. ಸುತ್ತ ಪೆಪ್ಸಿ ಡಬ್ಬಗಳು, ತಿಂದು ಬಿಸಾಡಿದ ಬಿರಿಯಾನಿಯ ಪೊಟ್ಟಣ, ಅದಕ್ಕೆ ಮುತ್ತಿದ ನೊಣಗಳು.

ಲೂರ್ದ್ ಬಗ್ಗಿದವಳೇ ಮೂಗು ಮುಚ್ಚಿಕೊಂಡಳು. ಮೂತ್ರದ ವಾಸನೆ. ಗೋಣಿಯ ಮೇಲೆ ಮಾತ್ರವಲ್ಲ, ಅದರಾಚೆ ಬಿದ್ದಿದ್ದ ಸಣ್ಣ ಸಣ್ಣ ಮೂಳೆಗಳ ಮೇಲೂ.

"ಅವು ಕೋಳಿ ಮೂಳೆಯಾ?" ಎಂದು ಅವಳು ಕೇಳಿದಳು.

"ಅಲ್ಲ," ಎಂದಳು ರಸೀನಾ. ಮಂಡಿಯೂರಿ, ಕೈ ಮುಟ್ಟಿಸದೆ ನೋಡಿದಳು. "ಮಗು. ಹುಟ್ಟಿದ ಕೂಡಲೇ ಸತ್ತಿರಬೇಕು. ದೊಡ್ಡದು ಹೆಂಗಸಿನದ್ದು. ತಾಯಿ ಮಗುವನ್ನು ಒಟ್ಟಿಗೆ ಮಲಗಿಸಿ ಕಲ್ಲು ಇಟ್ಟಿದ್ದರು. ಸಾವಿರಾರು ವರ್ಷ ಯಾರೂ ಮುಟ್ಟಿರಲಿಲ್ಲ."

ಲೂರ್ದ್ ಎದ್ದು ಜೀಪಿನ ಮರೆಗೆ ಹೋಗಿ ನಿಂತಳು. ಠಾಣೆಯಲ್ಲಿ ಅಪಘಾತದ ಹೆಣಗಳನ್ನೂ ಕಂಡವಳು ಅವಳು. ಇದು ಬೇರೆ. ಹೆಣ ಕಂಡರೆ ಸಂಕಟವಾಗುತ್ತದೆ. ಇಲ್ಲಿ ಆದದ್ದು ಅಸಹ್ಯ.

ನಮ್ಮ ಕಡೆ ಪಂಚನಾಮೆ ಎನ್ನುವುದನ್ನು ಇಲ್ಲಿ ಮಹ್ದರ್ ಎನ್ನುತ್ತಾರೆ. ಖಲ್ಫಾನ್ ಅದನ್ನು ಬರೆಯುತ್ತಾ ಹೋದ. ಗೋಣಿಯ ಮೇಲೆ ಹತ್ತಿರದ ಒಂಟೆ ಫಾರಂನ ಗುರುತಿತ್ತು. ತಮ್ಮ ಕಾರಿನಲ್ಲಿ ಹಿಂದೆಯೇ ಬಂದಿದ್ದ ಪೃಥ್ವಿರಾಜ್ ಲೂರ್ದ್ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು.

"ನಾನು ಯಾರ ಹೆಸರೂ ಹೇಳುದಿಲ್ಲ. ಆದರೆ ಫಾರಂನವರು ಈ ಕಡೆ ಓಡಾಡುದುಂಟು. ಕ್ಯಾಪ್ಟನಿಗೆ ಹೇಳಿಬಿಡಿ."

ಅವಳು ಹೇಳಿದಳು.

ಮಧ್ಯಾಹ್ನದೊಳಗೆ ಫಾರಂನ ಕೆಲಸದಾಳುಗಳ ಕೋಣೆಗಳ ತಪಾಸಣೆಯಾಯಿತು. ಕಾವಲಿಗಿದ್ದ ಚನಿಯನ ಬ್ಯಾಗಿನಲ್ಲಿ, ಮಡಿಸಿದ ಅಂಗಿಯೊಳಗೆ, ನೂಲಿಗೆ ಪೋಣಿಸಿದ ಚಿಪ್ಪಿನ ಮಣಿಗಳು ಸಿಕ್ಕವು. ರಸೀನಾ ನೋಡಿದ ಕೂಡಲೇ ಗೋರಿಯದೇ ಎಂದಳು. ನೂಲು ಮಾತ್ರ ಹೊಸದು.

ಚನಿಯನೂ ಕರಾವಳಿಯವನೇ, ಐವತ್ತರ ಆಸುಪಾಸಿನ ಬಡಕಲು ಮನುಷ್ಯ. ಎಲ್ಲಿಂದ ಬಂತು ಎಂದು ಕ್ಯಾಪ್ಟನ್ ಕೇಳಿದರು. ಲೂರ್ದ್ ತುಳುವಿನಲ್ಲಿ ಕೇಳಿದಳು. "ಎಂಕ್ ಗೊತ್ತುಜ್ಜಿ," ಎಂದ, ನನಗೆ ಗೊತ್ತಿಲ್ಲ ಎಂದು.

"ನಿನ್ನ ಬ್ಯಾಗಿನಲ್ಲಿ ಇತ್ತಲ್ಲ?"

"ಹೌದು ಬಾಯಮ್ಮ."

"ನೀನು ಅಗೆದಿಯಾ?"

"ಇಲ್ಲ."

"ಮತ್ತೆ ಯಾರು ಕೊಟ್ಟರು?"

ಅವನು ನೆಲ ನೋಡಿದ. ಅದರಾಚೆಗೆ ಒಂದು ಮಾತೂ ಬರಲಿಲ್ಲ. ಅವನನ್ನು ಲಾಕಪ್ಪಿಗೆ ಹಾಕಿದರು. ಸಂಜೆಯೊಳಗೆ ದುಬೈ, ಅಬುಧಾಬಿಯ ಊರವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಸುದ್ದಿ ಹರಿಯಿತು. ಮುರಿದ ಗೋರಿಯ ಮುಂದೆ ಟೋಪಿ ತೆಗೆದು ತಲೆ ತಗ್ಗಿಸಿ ನಿಂತ ಪೃಥ್ವಿರಾಜರ ಫೋಟೋ. ಅದರಡಿ ಕೈ ಮುಗಿದ ಚಿತ್ರಗಳ ಸಾಲು. ಚನಿಯನ ಬಗ್ಗೆ ಬಂದ ಮಾತುಗಳನ್ನು ಲೂರ್ದ್ ಪೂರ್ತಿ ಓದಲಿಲ್ಲ. ಇಂಥವರಿಂದಲೇ ನಮ್ಮ ಊರಿನ ಮರ್ಯಾದೆ ಹೋಗುವುದು ಎಂದು ಒಬ್ಬಾಕೆ ಬರೆದಿದ್ದಳು.

ಸೋಮವಾರ ಬೆಳಿಗ್ಗೆ ರಸೀನಾ ಠಾಣೆಗೆ ಬಂದಳು. ಕಣ್ಣುಗಳು ಕೆಂಪಾಗಿದ್ದವು. ಎರಡು ದಿನ ಗುಂಡಿಯ ಮರಳನ್ನು ಬ್ರಶ್ಶಿನಿಂದ ಗುಡಿಸಿದ್ದಳು.

"ಇದು ಕಳ್ಳರ ಕೆಲಸ ಅಲ್ಲ," ಎಂದಳು ಕ್ಯಾಪ್ಟನಿಗೆ. "ಮೇಲೆ ಪಿಕಾಸಿಯಿಂದ ಹೊಡೆದಿದ್ದಾರೆ, ನಿಜ. ಆದರೆ ಅಡಿಯಲ್ಲಿ ಗುಂಡಿ ಚೌಕ ಉಂಟು. ನಾಲ್ಕು ಮೂಲೆಯಲ್ಲಿ ಮೊಳೆ ಹೊಡೆದು ದಾರ ಕಟ್ಟಿದ ತೂತುಗಳಿವೆ. ನಾವು ಅಗೆಯುವಾಗ ಹಾಗೆ ಕಟ್ಟುತ್ತೇವೆ. ಹಾಗೆ ಕಟ್ಟಬೇಕು ಅಂತ ಕಾವಲಿನವನಿಗೆ ಯಾರು ಕಲಿಸಿದ್ದು?"

"ನೀವು ಯಾರಿಗೆ ಕಲಿಸಿದ್ದೀರಿ?"

"ನಮ್ಮ ಸ್ವಯಂಸೇವಕರಿಗೆ. ಹೋದ ವರ್ಷದ ಶಿಬಿರದಲ್ಲಿ. ನಾನೇ ಕಲಿಸಿದ್ದು."

"ಇನ್ನೇನು ಕಂಡಿತು?"

"ಮೊದಲು ಅಗೆದದ್ದು ಈಗಲ್ಲ. ಚೌಕದೊಳಗೆ ಗಾಳಿಗೆ ಬಂದು ಕೂತ ನಯವಾದ ಮರಳಿನ ಪದರ ಉಂಟು, ಅದಕ್ಕೆ ಕೆಲವು ವಾರ ಬೇಕು. ಆಗ ಅಗೆದು, ಕಲ್ಲು ಮುಚ್ಚಿ ಹೋಗಿದ್ದಾರೆ. ಮೊನ್ನೆ ತಿರುಗಿ ಬಂದು ಒಡೆದು ಹಾಕಿದ್ದಾರೆ."

"ಅಂದರೆ ಡಿಸೆಂಬರಿನಲ್ಲಿ. ಡಿಸೆಂಬರಿನ ಫೋಟೋ ಇದೆಯಾ?"

ಇತ್ತು. ಏಳನೇ ಗೋರಿ ಸ್ವಲ್ಪವೂ ಹಾಳಾಗದೆ ನಿಂತಿತ್ತು. ಕಳುಹಿಸಿದವರು ಪೃಥ್ವಿರಾಜ್.

ಕ್ಯಾಪ್ಟನ್ ಹುಮೈದ್ ಕಂಪ್ಯೂಟರಿನಲ್ಲಿ ಆ ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಅವರ ಅಜ್ಜನ ಕಾಲದಿಂದ ಒಂಟೆ ಮೇಯಿಸಿದ ಜಾಗ ಅದು. ಆಮೇಲೆ ದಿಗಂತದ ಮೇಲೆ ಬೆರಳಿಟ್ಟರು.

"ಕರೆಂಟಿನ ಟವರ್ ಎಲ್ಲಿ ಉಮ್ಮ್ ಲಿಯೋ?"

ಲೂರ್ದ್‌ಳ ಮಗನ ಹೆಸರು ಲಿಯೋ. ಠಾಣೆಯಲ್ಲಿ ಎಲ್ಲರೂ ಅವಳನ್ನು ಲಿಯೋನ ತಾಯಿ ಎಂದೇ ಕರೆಯುತ್ತಿದ್ದರು. ಅವಳು ಬಗ್ಗಿ ನೋಡಿದಳು. ಶನಿವಾರ ದಿಬ್ಬದ ಹಿಂದೆ ನಿಂತಿದ್ದ ಟವರ್ ಆ ಫೋಟೋದಲ್ಲಿ ಇರಲಿಲ್ಲ. ನವೆಂಬರಿನಲ್ಲಿ ನಿಲ್ಲಿಸಿದ ಟವರ್ ಅದು. ಡಿಸೆಂಬರಿನದೆಂದು ಬಂದ ಫೋಟೋ ಅದಕ್ಕೂ ಹಿಂದಿನದು.

ಅಂದೇ ತಂಡದ ನತಾಶಾಳನ್ನು ಫೋನಿನಲ್ಲಿ ವಿಚಾರಿಸಲಾಯಿತು. ಕರಾಮದಲ್ಲಿ ಮನೆ, ಫಿಸಿಯೋಥೆರಪಿಸ್ಟ್ ಕೆಲಸ. ದುಬೈಯಲ್ಲೇ ಹುಟ್ಟಿ ಬೆಳೆದವಳು.

"ಡಿಸೆಂಬರ್‌ನಲ್ಲಿ ನಾವು ಯಾರೂ ಹೋಗ್ಲಿಲ್ಲ ಆಂಟಿ," ಎಂದಳು. "ಪೃಥ್ವಿ ಅಂಕಲ್ ಹೇಳಿದ್ರು, ಯು ಗೈಸ್ ಎಂಜಾಯ್ ಕ್ರಿಸ್ಮಸ್, ನಾನೇ ಹೋಗಿ ಬರ್ತೇನೆ ಅಂತ. ಪ್ರತಿ ವೀಕೆಂಡ್ ಹೋಗ್ತಾ ಇದ್ರು. ಅಷ್ಟು ಡೆಡಿಕೇಟೆಡ್ ಅಂತ ನಾವೆಲ್ಲ…"



ಸಾಕ್ಷಿ ಇಷ್ಟಾದರೂ ಮಣಿಗಳು ಸಿಕ್ಕಿದ್ದು ಚನಿಯನ ಬ್ಯಾಗಿನಲ್ಲಿ. ಅವನು ಬಾಯಿ ಬಿಡದೆ ಮುಂದೆ ಹೋಗುವಂತಿರಲಿಲ್ಲ. ಕ್ಯಾಪ್ಟನ್ ಅವನನ್ನು ಮತ್ತೆ ಕರೆಸಿದರು.

"ಎದುರು ಕೂತು ನಿಮ್ಮ ಭಾಷೆಯಲ್ಲೇ ಮಾತಾಡು," ಎಂದರು ಲೂರ್ದ್‌ಗೆ. "ನಾನು ನಡುವೆ ಬರುವುದಿಲ್ಲ."

ಲೂರ್ದ್ ಕುರ್ಚಿ ಎಳೆದು ಕುಳಿತಳು. ಊಟ ಆಯಿತಾ ಎಂದು ಕೇಳಿದಳು. ಆಯಿತು ಎಂದ. ಮನೆಯಲ್ಲಿ ಯಾರ್‍ಯಾರು ಎಂದು ಕೇಳಿದಳು. ಹೆಂಡತಿ, ಒಬ್ಬಳೇ ಮಗಳು. ಮಗಳು ಈಗ ಏಳು ತಿಂಗಳ ಬಸುರಿ.

"ಆ ಮಣಿ ಅವಳಿಗಾ?"

ಅವನು ತಲೆಯಾಡಿಸಿದ. "ಸಮುದ್ರದ ಚಿಪ್ಪು ಅಲ್ವಾ, ಬಸುರಿಗೆ ಒಳ್ಳೆದು, ಕುತ್ತಿಗೆಗೆ ಕಟ್ಟಿಕೊಳ್ಳಲಿ ಅಂತ ಕೊಟ್ಟರು."

"ಯಾರು?"

ಅವನು ಮತ್ತೆ ನೆಲ ನೋಡಿದ.

ಆಗ ಲೂರ್ದ್‌ಗೆ ಒಂದು ಸಂಗತಿ ಹೊಳೆಯಿತು. ಮೂರು ದಿನದಿಂದ ಇವನಿಗೆ ಪ್ರಶ್ನೆ ಕೇಳಿದ್ದೇ ಕೇಳಿದ್ದು. ಆ ಮಣಿ ಯಾತರದ್ದು ಎಂದು ಒಬ್ಬರೂ ಹೇಳಿರಲಿಲ್ಲ. ತಾನೂ ಹೇಳಿರಲಿಲ್ಲ. ಅರಬ್ಬಿಯ 'ಆಸಾರ್' ಎಂಬ ಪದವನ್ನು ಹಳೆಯ ವಸ್ತು ಎಂದು ತಿರುಗಿಸಿ ಕೈ ತೊಳೆದುಕೊಂಡಿದ್ದಳು.

"ಚನಿಯ, ಅದು ಹೆಣದ ಕುತ್ತಿಗೆಯಿಂದ ತೆಗೆದದ್ದು," ಎಂದಳು. "ಗೋರಿಯೊಳಗೆ ಒಬ್ಬಳು ಹೆಂಗಸು ಇದ್ದಳು. ಪಕ್ಕದಲ್ಲಿ ಅವಳ ಹಸುಗೂಸು. ಹೆರಿಗೆಯಲ್ಲಿ ಸತ್ತಿರಬೇಕಂತೆ."

ಚನಿಯ ಅವಳ ಮುಖವನ್ನೇ ನೋಡಿದ. ಆಮೇಲೆ ತನ್ನ ಅಂಗೈ ನೋಡಿಕೊಂಡ. ಎರಡೂ ಕೈಯನ್ನು ಪ್ಯಾಂಟಿಗೆ ಒರೆಸತೊಡಗಿದ. ಒರೆಸಿದ, ಮತ್ತೆ ಒರೆಸಿದ.

"ಕೈ ತೊಳಿಲಿಕ್ಕೆ ನೀರು ಕೊಡಿ ಬಾಯಮ್ಮ."

ಖಲ್ಫಾನ್ ಅವನನ್ನು ಬಚ್ಚಲಿಗೆ ಕರೆದುಕೊಂಡು ಹೋದ. ನೀರು ಬೀಳುವ ಸದ್ದು ತುಂಬಾ ಹೊತ್ತು ಕೇಳಿತು. ತಿರುಗಿ ಬಂದಾಗ ಅಂಗಿಯ ತೋಳುಗಳು ಮೊಣಕೈವರೆಗೆ ಒದ್ದೆಯಾಗಿದ್ದವು.

"ಹೆಣದ್ದು ಅಂತ ಧಣಿಗಳಿಗೆ ಗೊತ್ತಿತ್ತಾ?"

"ಯಾವ ಧಣಿ?"

"ಪೃಥ್ವಿರಾಜ ಧಣಿಗಳು. ಅವರೇ ಕೊಟ್ಟದ್ದು. ನನ್ನ ಅಪ್ಪ, ಅಜ್ಜ ಅವರ ಮನೆಯ ಕೆಲಸದಲ್ಲೇ ಇದ್ದವರು. ಇಲ್ಲಿ ಫಾರಂನಲ್ಲಿ ನನ್ನನ್ನು ಕಂಡು, ನೀನು ಇಂಥವನ ಮಗ ಅಲ್ವಾ ಅಂತ ಗುರುತು ಹಿಡಿದರು. ನನಗೆ ಎಷ್ಟು ಸಂತೋಷ ಆಯ್ತು ಗೊತ್ತುಂಟಾ? ಬಂದಾಗೆಲ್ಲ ನಿಂತು ಮಾತಾಡ್ತಿದ್ದರು. ಖಾಲಿ ಗೋಣಿ ಉಂಟಾ ಅಂತ ಕೇಳಿದರು, ಕೊಟ್ಟೆ. ಮಣಿ ಕೊಟ್ಟರು, ತಕ್ಕೊಂಡೆ. ಯಾರಿಗೂ ಹೇಳ್ಬೇಡ ಅಂದರು. ಹೆತ್ತು ಸತ್ತವಳ ಕುತ್ತಿಗೆಯದ್ದನ್ನು ನನ್ನ ಮಗಳಿಗೆ ಕಟ್ಟು ಅಂತ ಕೊಟ್ಟರಾ?"

ಲೂರ್ದ್ ಅದನ್ನು ಅರಬ್ಬಿಯಲ್ಲಿ ಹೇಳಿ ಮುಗಿಸುವವರೆಗೆ ಕ್ಯಾಪ್ಟನ್ ಪೆನ್ನು ಮುಟ್ಟಲಿಲ್ಲ. ಅವರ ಹೆಂಡತಿ ಕೂಡ ಗರ್ಭಿಣಿ ಎಂಬುದು ಠಾಣೆಯಲ್ಲಿ ಎಲ್ಲರಿಗೂ ತಿಳಿದಿತ್ತು.

"ಖಲಾಸ್," ಎಂದು ಎದ್ದರು.

ಮಂಗಳವಾರ ಮನೆ ತಪಾಸಣೆಗೆ ಪ್ರಾಸಿಕ್ಯೂಷನ್ನಿನ ಅನುಮತಿ ಸಿಕ್ಕಿತು. ಮದೀನತ್ ಜಾಯೆದ್‌ನಿಂದ ದುಬೈಗೆ ಮೂರು ಗಂಟೆಯ ದಾರಿ. ದುಬೈ ಪೊಲೀಸರ ಇಬ್ಬರು, ಅವರಲ್ಲೊಬ್ಬಳು ಮಹಿಳಾ ಅಧಿಕಾರಿ, ಸಿಲಿಕಾನ್ ಓಯಸಿಸ್‌ನ ಪೃಥ್ವಿರಾಜರ ಫ್ಲಾಟಿದ್ದ ಕಟ್ಟಡದ ಕೆಳಗೆ ಕಾದಿದ್ದರು. ವಸ್ತು ಸಿಕ್ಕರೆ ಗುರುತಿಸಲೆಂದು ರಸೀನಾಳನ್ನೂ ಕರೆದೊಯ್ದಿದ್ದರು. ಸಂಜೆ ನಾಲ್ಕಕ್ಕೆ ಬೆಲ್ ಒತ್ತಿದರು.

ಬಾಗಿಲು ತೆಗೆದವರು ಹೆಂಡತಿ ಶರ್ಮಿಳಾ. ಲೂರ್ದ್‌ಳನ್ನು ಕಂಡು ಮುಖ ಅರಳಿತು, ಹಿಂದಿನ ಸಮವಸ್ತ್ರಗಳನ್ನು ಕಂಡು ಬಾಡಿತು. ಪೃಥ್ವಿರಾಜ್ ಸೋಫಾದಿಂದ ಎದ್ದರು. ಗೋಡೆಯ ತುಂಬ ಶಾಲು ಹೊದಿಸಿಕೊಂಡ ಫೋಟೋಗಳು.

"ಚನಿಯ ಒಪ್ಪಿಕೊಂಡನಾ?" ಎಂದು ಕೇಳಿದರು.

ತಪಾಸಣೆ ಶುರುವಾಯಿತು. ಕಾರಿನ ಡಿಕ್ಕಿಯಲ್ಲಿ ಪಿಕಾಸಿ, ದಾರ, ಮೊಳೆ ಸಿಕ್ಕವು. ಶಿಬಿರಕ್ಕೆ ತಂದದ್ದೆಂದು ಪೃಥ್ವಿರಾಜ್ ಹೇಳಿದರು. ಮಲಗುವ ಕೋಣೆಯಲ್ಲಿ ಏನೂ ಇರಲಿಲ್ಲ. ಹಾಲಿನ ಮೂಲೆಯಲ್ಲಿ ಮರದ ಕಪಾಟಿನೊಳಗೆ ದೇವರ ಪಟಗಳು, ದೀಪ. ಮಹಿಳಾ ಅಧಿಕಾರಿ ಅದನ್ನು ತೆರೆಯಬಹುದೇ ಎಂದು ಕೇಳಿದಳು. ಶರ್ಮಿಳಾ ತಾನೇ ತೆರೆದರು.

ದೀಪದ ಬುಡದಲ್ಲಿ ಬೂದು ಬಣ್ಣದ ಸಣ್ಣ ಕಲ್ಲಿನ ಬಟ್ಟಲು. ಅಂಚಿನ ಸುತ್ತ ಉಂಗುರದೊಳಗೆ ಚುಕ್ಕಿಯಿಟ್ಟ ಕೆತ್ತನೆ. ಬಟ್ಟಲ ತುಂಬ ಕುಂಕುಮ.

ರಸೀನಾ ಉಸಿರೆಳೆದುಕೊಂಡದ್ದು ಎಲ್ಲರಿಗೂ ಕೇಳಿಸಿತು.

"ಇದು ಎಲ್ಲಿಂದ ಬಂತು?" ಎಂದು ಲೂರ್ದ್ ಕೇಳಿದಳು.

"ಇವರು ತಂದದ್ದು," ಎಂದರು ಶರ್ಮಿಳಾ. "ಸೂಕ್ ಬಜಾರಿನಲ್ಲಿ ಸಿಕ್ಕಿತಂತೆ. ಶೋಕೇಸಿನಲ್ಲಿ ಸುಮ್ಮನೆ ಇತ್ತು. ಚಂದ ಉಂಟಲ್ಲ ಅಂತ ನಾನೇ ಕುಂಕುಮ ಹಾಕಿ ಇಲ್ಲಿಟ್ಟೆ. ಎಂತಕ್ಕೆ?"

ರಸೀನಾ ಹೇಳಲೋ ಬೇಡವೋ ಎಂದು ತಡೆದಳು. ಕೊನೆಗೆ ಹೇಳಿದಳು. ಗೋರಿಗಳಲ್ಲಿ ಇಂಥ ಬಟ್ಟಲನ್ನು ಸತ್ತವರ ತಲೆಯ ಹತ್ತಿರ ಇಡುತ್ತಿದ್ದರು ಎಂದಳು. ಗುಂಡಿಯಲ್ಲಿ ಬುರುಡೆಯ ಪಕ್ಕ ಇಷ್ಟೇ ಅಗಲದ ಅಚ್ಚು ಉಳಿದಿದೆ ಎಂದಳು.

ಶರ್ಮಿಳಾ ಗಂಡನ ಕಡೆ ತಿರುಗಿದರು. ಆಕೆಯ ಹಣೆಯಲ್ಲಿ ಅದೇ ಬಟ್ಟಲಿನ ಕುಂಕುಮವಿತ್ತು. ಅಡುಗೆಮನೆಗೆ ಓಡಿದರು. ನಲ್ಲಿಯ ಸದ್ದು, ವಾಂತಿಯ ಸದ್ದು, ಮತ್ತೆ ನಲ್ಲಿಯ ಸದ್ದು. ಲೂರ್ದ್ ಒಳಗೆ ಹೋದಾಗ ಆಕೆ ಪಾತ್ರೆ ಉಜ್ಜುವ ನಾರಿನಿಂದ ಹಣೆ ಉಜ್ಜುತ್ತಿದ್ದರು. ಚರ್ಮ ಕೆಂಪೇರಿತ್ತು. ಲೂರ್ದ್ ಆ ನಾರನ್ನು ಮೆಲ್ಲಗೆ ಅವರ ಕೈಯಿಂದ ಬಿಡಿಸಿದಳು.

"ನಿತ್ಯ ದೀಪ ಹಚ್ಚುವಾಗ ಇವರು ಪಕ್ಕದಲ್ಲೇ ನಿಲ್ತಿದ್ದರು," ಎಂದರು ಶರ್ಮಿಳಾ. "ಬೇಡ ಅಂತ ಒಂದು ಮಾತು ಹೇಳ್ಲಿಲ್ಲ."

ಹಾಲಿನಿಂದ ಪೃಥ್ವಿರಾಜರ ದನಿ ಬಂತು. "ಅವಳ ಎದುರು ಅದನ್ನೆಲ್ಲ ಹೇಳುವ ಅಗತ್ಯ ಇರಲಿಲ್ಲ ಡಾಕ್ಟರ್. ಸ್ವಲ್ಪ ಸೆನ್ಸ್ ಬೇಕು."

ಲೂರ್ದ್ ಅಂದಿನಿಂದ ಆ ಮನುಷ್ಯನಿಗೆ ಮನಸ್ಸಿನಲ್ಲಿ ಬಹುವಚನ ಬಿಟ್ಟಳು.

ನಾಲ್ಕೂಮುಕ್ಕಾಲಿಗೆ ಅವನನ್ನು ಬಂಧಿಸಲಾಯಿತು. ಲಿಫ್ಟಿನಲ್ಲಿ ಕೆಳಗಿಳಿಯುವಾಗ ಎದುರು ಫ್ಲಾಟಿನವರೊಬ್ಬರು ನಮಸ್ಕಾರ ಎಂದರು. ಬೇಡಿ ಹಾಕಿದ ಕೈಯ ಮೇಲೆ ಕೋಟು ಹೊದಿಸಿಕೊಂಡಿದ್ದ ಪೃಥ್ವಿರಾಜ್ ತಲೆ ಬಗ್ಗಿಸಿ ನಮಸ್ಕಾರ ಎಂದ. ಚನಿಯನನ್ನು ಅದೇ ಸಂಜೆ ಬಿಟ್ಟರು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಹೇಳಿಕೆ ಶುರುವಾಯಿತು. ಪೃಥ್ವಿರಾಜ್ ಕ್ಷೌರ ಮಾಡಿಕೊಂಡು, ಅಂಗಿಯ ಮೇಲಿನ ಗುಂಡಿಯವರೆಗೆ ಹಾಕಿಕೊಂಡು ಕುಳಿತಿದ್ದ. ಕಂಪನಿ ಸೆಪ್ಟೆಂಬರಿನಲ್ಲೇ ಅವನಿಗೆ ಹೇಳಿಬಿಟ್ಟಿತ್ತು, ಮಾರ್ಚಿಗೆ ಕೆಲಸ ಮುಗಿಯುತ್ತದೆ ಎಂದು. ಕೆಲಸ ಹೋದರೆ ವೀಸಾ ಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಆಯುಷ್ಯ ಇಲ್ಲಿ ಕಳೆದವನು. ಸಮಾಜಕ್ಕೆ ದೊಡ್ಡ ಕೆಲಸ ಮಾಡಿದವರಿಗೆ ಹತ್ತು ವರ್ಷದ ವೀಸಾ ಸಿಗಬಹುದು, ಯಾರಾದರೂ ಶಿಫಾರಸು ಮಾಡಿದರೆ. ತಿಂಗಳಿಗೊಮ್ಮೆ ಹೋಗಿ ಫೋಟೋ ತೆಗೆದರೆ ಯಾರು ಶಿಫಾರಸು ಮಾಡುತ್ತಾರೆ? ತನ್ನ ಹೆಸರಿನಲ್ಲಿ ಒಂದು ಶೋಧ ಬೇಕಿತ್ತು.

"ಬಂಗಾರ ಏನಾದರೂ ಸಿಗಬಹುದು ಅಂದುಕೊಂಡಿದ್ದೆ," ಎಂದ. "ಬರೀ ಮೂಳೆ ಇತ್ತು. ಬಟ್ಟಲು ಒಂದೇ ಸ್ವಲ್ಪ ಚಂದ ಇದ್ದದ್ದು. ಕಳ್ಳನ ಕೇಸು ಮುಗಿದ ಮೇಲೆ ಮರಳಿನಲ್ಲಿ ಸಿಕ್ಕಿತು ಅಂತ ಇಲಾಖೆಗೆ ಒಪ್ಪಿಸುವವನಿದ್ದೆ. ನಾನು ಮಾರಲಿಕ್ಕೆ ತೆಗೆದದ್ದಲ್ಲ. ಅದನ್ನು ಬರೆದುಕೊಳ್ಳಿ."

"ಬುರುಡೆ ಹೇಗೆ ಒಡೆಯಿತು?"

"ಪಿಕಾಸಿ ತಾಗಿತು."

"ಮೂತ್ರ ಮಾಡಿದ್ದು ಯಾರು?"

ಅವನು ಮೊದಲ ಸಲ ತಡವರಿಸಿದ. ಲೂರ್ದ್ ಕಡೆ ತಿರುಗಿ ಮೆಲ್ಲಗೆ ಹೇಳಿದ, "ನಾನೇ. ಓದದ ಕೂಲಿಯವರು ಮಾಡಿದ ಹಾಗೆ ಕಾಣಬೇಕಿತ್ತಲ್ಲ. ಲೂರ್ದ್ ಬಾಯಿ, ನೀವು ನಮ್ಮವರು. ಅದನ್ನು ಸ್ವಲ್ಪ ನೋಡಿಕೊಂಡು ಹೇಳಿ."

ಲೂರ್ದ್ ಒಂದಕ್ಷರ ಬಿಡದೆ ಅರಬ್ಬಿಗೆ ತಿರುಗಿಸಿದಳು. ನೀವು ನಮ್ಮವರು ಎಂದದ್ದನ್ನೂ ಬಿಡಲಿಲ್ಲ. ಖಲ್ಫಾನ್ ಟೈಪ್ ಮಾಡುವುದನ್ನು ನಿಲ್ಲಿಸಿ ತಲೆಯೆತ್ತಿದ. ಕ್ಯಾಪ್ಟನ್ ಮುಂದುವರಿಸು ಎಂದು ಸನ್ನೆ ಮಾಡಿದರು.

"ಫಾರಂನಲ್ಲಿ ಎಷ್ಟೋ ಜನ ಇದ್ದರು. ಪಾಕಿಸ್ತಾನದವರು, ಬಾಂಗ್ಲಾದವರು. ನಿನ್ನದೇ ಊರಿನವನನ್ನು ಯಾಕೆ ಆರಿಸಿದೆ?"

ಪೃಥ್ವಿರಾಜ್‌ಗೆ ಪ್ರಶ್ನೆಯೇ ವಿಚಿತ್ರವೆನಿಸಿದಂತಿತ್ತು.

"ಬೇರೆಯವರಾದರೆ ಹೇಳಿಬಿಡುತ್ತಿದ್ದರು," ಎಂದ. "ಅವನು ಹೇಳುವುದಿಲ್ಲ ಅಂತ ಗೊತ್ತಿತ್ತು. ಅವರ ಮನೆಯವರು ನಮ್ಮ ಎದುರು ಬಾಯಿ ತೆಗೆದವರಲ್ಲ."

ಲೂರ್ದ್ ಅದನ್ನೂ ಹೇಳಿದಳು. ಕ್ಯಾಪ್ಟನ್ ಹುಮೈದ್‌ಗೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ನಂಬಲಿಲ್ಲವೋ, ಇನ್ನೊಮ್ಮೆ ಹೇಳು ಎಂದರು. ಅವಳು ಇನ್ನೊಮ್ಮೆ ಹೇಳಿದಳು.

ಹೇಳಿಕೆಯನ್ನು ಮುದ್ರಿಸಿ ಅವನ ಮುಂದೆ ಇಟ್ಟರು. ಲೂರ್ದ್ ಪೂರ್ತಿ ಓದಿ ಹೇಳಿದಳು. ಅವನು ಗಮನವಿಟ್ಟು ಕೇಳಿ, ಪೆನ್ನು ತೆಗೆದುಕೊಂಡು, ಸಹಿ ಹಾಕುವ ಮೊದಲು ಮೊದಲನೇ ಪುಟದ ಮೇಲೆ ಬೆರಳಿಟ್ಟ.

"ಇಲ್ಲಿ ಬರೀ ಹೆಸರು ಬರೆದಿದ್ದಾರೆ," ಎಂದ. "ಸ್ವಯಂಸೇವಕರ ತಂಡದ ನಾಯಕ ಅಂತ ಸೇರಿಸಲಿಕ್ಕೆ ಹೇಳಿ."